ಪೊಲೀಸರ ಚೌಕಟ್ಟಿನಲ್ಲಿ ಮುಂತಾಲಿ ಮೇಷ್ಟ್ರ ಮುಖ

ಮ್ಜುಜು ಪಟ್ಟಣದ ನಮ್ಮ ಚಿಬಾಂಜದ ಚರ್ಚಿನಲ್ಲಿ ಮದುವೆಯಾಗಬೇಕಾದರೆ ಮೊದಲು ಮುಂತಾಲಿ ಮೇಷ್ಟ್ರ ಎದುರು ಕೂರಬೇಕಿತ್ತು. ಹುಡುಗ ಹುಡುಗಿ ಶನಿವಾರ ಶನಿವಾರ ಚರ್ಚಿನ ಹಿಂದಿನ ಕೋಣೆಗೆ ಹೋಗಿ, ಬೆಂಚಿನ ಎರಡು ತುದಿಯಲ್ಲಿ ಕೂತು ಅವರ ಪಾಠ ಕೇಳಬೇಕು. ಗಂಡ ಹೆಂಡತಿಯ ನಡುವೆ ಮುಚ್ಚುಮರೆ ಇರಬಾರದು, ಜಗಳವಾಡಿ ಬೆನ್ನು ತಿರುಗಿಸಿ ಮಲಗಬಾರದು, ಸೊಸೆ ಮಾವನ ಎದುರು ಹೇಗಿರಬೇಕು, ಮಾವ ಸೊಸೆಯ ಎದುರು ಹೇಗಿರಬೇಕು, ಎಲ್ಲ ಅದರಲ್ಲಿತ್ತು. ನಾನೂ ನನ್ನನ್ನು ಮದುವೆಯಾಗಲಿದ್ದ ಹುಡುಗ ತಿಯಾಮಿಕೆಯೂ ಆ ವರ್ಷ ಇನ್ನೂ ಕೆಲವು ಜೋಡಿಗಳ ಜೊತೆ ಅಲ್ಲಿ ಕೂತಿದ್ದೆವು. ಅದಕ್ಕೇ ಈ ಸಂಗತಿ ನನಗೆ ಮೇಷ್ಟ್ರ ಬಾಯಿಂದಲೇ ಗೊತ್ತು. ಅವರು ಬಿಟ್ಟ ಭಾಗವನ್ನು ಅವರ ಹೆಂಡತಿ ಹೇಳಿದರು.

ಯೋತಾಮ್ ಮುಂತಾಲಿ ಹೆಡ್ ಮಾಸ್ತರರಾಗಿ ನಿವೃತ್ತರಾದವರು, ಚರ್ಚಿನ ಹಿರಿಯರಲ್ಲಿ ಒಬ್ಬರು. ಎತ್ತರದ ಆಳು. ಅಕ್ಟೋಬರಿನ ಸುಡುಬಿಸಿಲಿಗೂ ಕೋಟು ಬಿಚ್ಚುತ್ತಿರಲಿಲ್ಲ. ಒಮ್ಮೆ ಗಾಯಕರ ತಂಡದ ಹುಡುಗಿಯೊಬ್ಬಳು ಪೇಟೆಯ ಬಾರಿನ ಅಂಗಳದಲ್ಲಿ ಕಾಂಗೊ ಸಂಗೀತಕ್ಕೆ ಕುಣಿದಳೆಂದು ಸುದ್ದಿ ಬಂದಾಗ, ಅವಳನ್ನು ಹಿಂದಿನ ಬೆಂಚಿಗೆ ಕಳಿಸಿದ್ದು ಇವರೇ. "ಬಾಯಲ್ಲಿ ಸ್ತೋತ್ರ, ಸೊಂಟದಲ್ಲಿ ಕಾಂಗೊ. ಎರಡೂ ಒಟ್ಟಿಗೆ ನಡಿಯಲ್ಲ," ಎಂದು ಎಲ್ಲರೆದುರು ಹೇಳಿದ್ದರು. ಆ ಹುಡುಗಿ ಆರು ತಿಂಗಳು ತಂಡದ ಬಿಳಿ ಬಟ್ಟೆ ಹಾಕಲಿಲ್ಲ.

ಆದರೆ ಆ ಸಂಗೀತ ಮೇಷ್ಟ್ರಿಗೆ ಯಾರಿಗಿಂತಲೂ ಹೆಚ್ಚು ಇಷ್ಟ. ಹುಡುಗನಾಗಿದ್ದಾಗ ಎರಡು ವರ್ಷ ಗಡಿಯಾಚೆ ಜಾಂಬಿಯಾದ ತಾಮ್ರದ ಗಣಿಯಲ್ಲಿ ಗುಮಾಸ್ತೆಯಾಗಿದ್ದರು. ಅಲ್ಲಿಗೆ ಕಾಂಗೊದಿಂದ ವಾದ್ಯದ ತಂಡಗಳು ಬರುತ್ತಿದ್ದವು. ಆ ಗಿಟಾರು ಕಿವಿಗೆ ಬಿದ್ದರೆ ಅವರ ಮೊಣಕಾಲು ತಾನಾಗಿ ಅಲುಗುತ್ತಿತ್ತಂತೆ. ಊರಿಗೆ ಬಂದು ಮೇಷ್ಟ್ರಾದ ಮೇಲೆ ಅದನ್ನೆಲ್ಲ ಒಳಗೆ ಅದುಮಿಟ್ಟರು. ಗಡ್ಡ ಹೆರೆಯುವಾಗ ಮಾತ್ರ ಆ ಕಾಲದ ಒಂದು ಹಾಡನ್ನು ಮೂಗಿನಲ್ಲೇ ಗುನುಗುತ್ತಿದ್ದರು.

ಮಗ ಚಾವಾನಾಂಗ್ವಾ, ಮನೆಯವರ ಬಾಯಲ್ಲಿ ಚಾವಾ, ಮತ್ತು ಸೊಸೆ ತೊವೆರಾ ಹೊಸ ಕಂಪ್ಯೂಟರ್ ಕೊಂಡಾಗ ಹಳೆಯದನ್ನು ಮೇಷ್ಟ್ರಿಗೆ ತಂದುಕೊಟ್ಟರು. ಅವರಿಬ್ಬರೂ ಊರಿನ ಇನ್ನೊಂದು ಮಗ್ಗುಲಲ್ಲಿ, ಲುವಿಂಗಾದಲ್ಲಿ ಮನೆ ಮಾಡಿಕೊಂಡಿದ್ದರು. ಮಗನಿಗೆ ಸಿಮೆಂಟು ಗೋಡೌನಿನಲ್ಲಿ ಕೆಲಸ. ಸೊಸೆ ಕಾಲೇಜಿನಲ್ಲಿ ಕಂಪ್ಯೂಟರುಗಳನ್ನು ನೋಡಿಕೊಳ್ಳುವವಳು. ಕಂಪ್ಯೂಟರ್ ಮುಂದಿನ ಕೋಣೆಯ ಮೇಜಿನ ಮೇಲೆ, ಮೇಷ್ಟ್ರ ಹೆಂಡತಿ ಕ್ರೋಷಾ ಹಾಕಿದ ಬಟ್ಟೆಯ ಕೆಳಗೆ ಕೂತಿತು. ಅವರನ್ನು ನಾವೆಲ್ಲ ತವರಿನ ಹೆಸರು ಹಿಡಿದು ನ್ಯಾಗೊಂಡ್ವೆ ಎನ್ನುತ್ತೇವೆ. ಮೇಷ್ಟ್ರು ಅದರಲ್ಲಿ ಮದುವೆಯ ಪಾಠಗಳನ್ನು ಟೈಪ್ ಮಾಡಿದರು. ಆಮೇಲೆ ಇಂಟರ್‌ನೆಟ್ಟಿನಲ್ಲಿ ಹುಡುಕುವುದನ್ನು ಕಲಿತರು. ಆಮೇಲೆ ಒಂದು ಗುರುವಾರ, ನ್ಯಾಗೊಂಡ್ವೆ ಮಹಿಳಾ ಸಂಘಕ್ಕೆ ಹೋದಾಗ, ಕಿಟಕಿಯ ಪರದೆ ಎಳೆದು ಆ ಹಾಡಿನ ಹೆಸರು ಬರೆದರು.

ಹಾಡು ಸಿಕ್ಕಿತು, ಕುಣಿಯುವವರೂ ಸಿಕ್ಕರು. ಗಣಿಯ ಕಾಲದಲ್ಲಿ ಅವರು ಕಂಡ ಕುಣಿತಕ್ಕಿಂತ ಇದರಲ್ಲಿ ಬಟ್ಟೆ ಕಡಿಮೆ, ಸೊಂಟ ಜಾಸ್ತಿ. ಮೇಷ್ಟ್ರು ಕಣ್ಣು ತೆಗೆಯಲಿಲ್ಲ. ಹಲವು ಗುರುವಾರಗಳು ಹೀಗೆ ಹೋದವು. ಒಂದು ದಿನ ಯಾವುದೋ ಹೊಸ ಪುಟ, ವಿಡಿಯೋ ನೋಡಬೇಕಾದರೆ ಮೊದಲು ಈ ಪ್ಲೇಯರ್ ಹಾಕಿಕೊಳ್ಳಿ ಎಂದಿತು. ಅವರು ಒತ್ತಿದರು. ಒಪ್ಪಿಗೆಯೇ ಎಂದು ಕೇಳಿತು. ಅದಕ್ಕೂ ಒತ್ತಿದರು. ಹಾಡು ಶುರುವಾಯಿತು, ಅರ್ಧದಲ್ಲಿ ಪರದೆ ಪೂರ್ತಿ ನೀಲಿಯಾಯಿತು.

ಮೇಲೆ ಗರುಡ, ತಕ್ಕಡಿ ಇದ್ದ ಮುದ್ರೆ. ಅಂತಾರಾಷ್ಟ್ರೀಯ ಪೊಲೀಸ್ ಎಂದು ದಪ್ಪ ಅಕ್ಷರ. ಈ ಕಂಪ್ಯೂಟರಿನಲ್ಲಿ ನಿಷೇಧಿತ ಬೆತ್ತಲೆ ಚಿತ್ರಗಳನ್ನು ನೋಡಲಾಗಿದೆ, ಮೂರು ದಿನದೊಳಗೆ ದಂಡ ಕಟ್ಟದಿದ್ದರೆ ಬಂಧನ ಎಂದು ಕೆಳಗೆ ಇಂಗ್ಲಿಷಿನಲ್ಲಿ ಬರೆದಿತ್ತು. ಮೂಲೆಯಲ್ಲಿ ಗಡಿಯಾರ ಹಿಂದಕ್ಕೆ ಓಡುತ್ತಿತ್ತು. ನಡುವೆ ಕೆಂಪು ಚೌಕಟ್ಟು. ಅದರೊಳಗೆ ಬನಿಯನ್ ತೊಟ್ಟ, ಬಾಯಿ ಸ್ವಲ್ಪ ತೆರೆದಿದ್ದ ಒಬ್ಬ ಮುದುಕ. ಅವರೇ.

"ನನ್ನ ಅಂಥ ಮುಖ ನಾನೇ ಯಾವತ್ತೂ ನೋಡಿರಲಿಲ್ಲ," ಎಂದು ಆಮೇಲೆ ನಮಗೆ ಹೇಳಿದರು. "ಕಳ್ಳನ ಮುಖ ಹೇಗಿರ್ತದೆ ಅಂತ ಮಕ್ಕಳಿಗೆ ಮೂವತ್ತು ವರ್ಷ ಪಾಠ ಮಾಡಿದ್ದೆ. ಅವತ್ತು ಗೊತ್ತಾಯ್ತು."

ಯಾವ ಗುಂಡಿ ಒತ್ತಿದರೂ ಆ ನೀಲಿ ಹೋಗಲಿಲ್ಲ. ವೈರು ಕಿತ್ತು, ಮೇಲೆ ಕ್ರೋಷಾ ಬಟ್ಟೆ ಹೊದಿಸಿ, ಕೋಟು ಹಾಕಿಕೊಂಡು ಹೊರಗೆ ಕೂತರು. ಅವರು ಬೆತ್ತಲೆ ಚಿತ್ರ ನೋಡಿರಲಿಲ್ಲ ನಿಜ. ಆದರೆ ನೋಡಿದ್ದು ಏನೆಂದು ಅವರಿಗೆ ಗೊತ್ತಿತ್ತು, ಪರದೆ ಎಳೆದದ್ದು ಯಾಕೆಂದೂ ಗೊತ್ತಿತ್ತು. ಅದಕ್ಕೇ ಪೊಲೀಸರ ಮಾತು ಸುಳ್ಳು ಎಂದು ಒಮ್ಮೆಯೂ ಅನಿಸಲಿಲ್ಲ.

ದಂಡವನ್ನು ಮೊದಲೇ ಹಣ ಕೊಟ್ಟು ಕೊಳ್ಳುವ ಯಾವುದೋ ಕಾರ್ಡಿನ ನಂಬರಿನ ಮೂಲಕ ಕಟ್ಟಬೇಕಿತ್ತು. ಅಂಥ ಕಾರ್ಡು ನಮ್ಮ ಮ್ಜುಜುವಿನಲ್ಲಿ ಸಿಗುವುದಿಲ್ಲ. ಜೋಹಾನ್ಸ್‌ಬರ್ಗಿಗೆ ಹೋಗುವ ಬಸ್ಸಿನ ಡ್ರೈವರನನ್ನು ಹಿಡಿದು, ಚರ್ಚಿನ ಪುಸ್ತಕ ತರಿಸಲು ಈ ಕಾರ್ಡು ಬೇಕು ಎಂದು ಸುಳ್ಳು ಹೇಳಿ ತರಿಸಿಕೊಂಡರು. ಅಷ್ಟರಲ್ಲಿ ಎರಡು ವಾರ ಕಳೆದಿತ್ತು. ಕಂಪ್ಯೂಟರ್ ಹಾಕಿ ನೋಡಿದರೆ ಗಡಿಯಾರ ಮತ್ತೆ ಮೂರು ದಿನದಿಂದಲೇ ಶುರುವಾಯಿತು. ಪೊಲೀಸರು ಕರುಣೆ ತೋರಿಸಿದರು ಎಂದುಕೊಂಡರು. ನಂಬರು ಹಾಕಿದರು. ಪರಿಶೀಲನೆಯಲ್ಲಿದೆ ಎಂದಿತು. ಮರುದಿನ ನೋಡಿದರೆ ಅದೇ ನೀಲಿ, ಅದೇ ಚೌಕಟ್ಟು, ಇನ್ನೊಂದು ಕಾರ್ಡು ಬೇಕು ಎಂಬ ಬೇಡಿಕೆ.

ಆ ದಿನಗಳಲ್ಲಿ ಮೇಷ್ಟ್ರು ಸೊರಗಿದರು. ಗೇಟಿನ ಸದ್ದಾದರೆ ಎದ್ದು ನಿಲ್ಲುವರು. ರಸ್ತೆಯಲ್ಲಿ ಪೊಲೀಸ್ ಜೀಪು ಕಂಡರೆ ಪಕ್ಕದ ಟೊಮೆಟೊ ಅಂಗಡಿಗೆ ತಿರುಗಿ ಬೆಲೆ ಕೇಳುವರು. ಹೆಂಡತಿ ಕೇಳಿದರೆ ಹೊಟ್ಟೆ ಸರಿಯಿಲ್ಲ ಎನ್ನುವರು. ಕಂಪ್ಯೂಟರ್ ಕೆಟ್ಟಿದೆ, ಮುಟ್ಟಬೇಡ ಎಂದೂ ಹೇಳಿಟ್ಟಿದ್ದರು.

ಆದರೆ ನ್ಯಾಗೊಂಡ್ವೆಗೆ ಕಂಪ್ಯೂಟರಿನಲ್ಲಿದ್ದ ಮಹಿಳಾ ಸಂಘದ ಹಾಡಿನ ಹಾಳೆ ಬೇಕಾಗಿತ್ತು. ಒಂದು ಸಂಜೆ ವೈರು ಸಿಕ್ಕಿಸಿ, ಗುಂಡಿ ಒತ್ತಿ, ಮುಂದೆ ಕೂತರು.

"ಚಾವಾನ ಅಪ್ಪಾ, ಸ್ವಲ್ಪ ಬನ್ನಿ ಇಲ್ಲಿ. ಪೊಲೀಸರು ನನ್ನ ಫೋಟೋ ಹಾಕಿದ್ದಾರಲ್ಲ."

ಮೇಷ್ಟ್ರು ಬಾಗಿಲಲ್ಲೇ ನಿಂತರು. ಕೆಂಪು ಚೌಕಟ್ಟಿನಲ್ಲಿ ತಲೆಗೆ ವಸ್ತ್ರ ಕಟ್ಟಿದ ನ್ಯಾಗೊಂಡ್ವೆ ಕಣ್ಣು ಕಿರಿದು ಮಾಡಿ ನೋಡುತ್ತಿದ್ದರು.

"ಬೆತ್ತಲೆ ಹೆಂಗಸರು ಅಂತ ಬರೆದಿದೆ ಇದರಲ್ಲಿ. ನಾನು ಯಾವಾಗ ನೋಡಿದೆ?"

"ಅದು ನಿನಗಲ್ಲ."

"ಮತ್ತೆ ಯಾರಿಗೆ?"

ಆ ಗಳಿಗೆಯಲ್ಲಿ ನಿಜ ಹೇಳಿದ್ದರೆ ನ್ಯಾಗೊಂಡ್ವೆ ಬೈದು, ಒಂದು ವಾರ ಮುಖ ಗಂಟಿಕ್ಕಿ, ಸುಮ್ಮನಾಗುತ್ತಿದ್ದರು. ಮೇಷ್ಟ್ರ ಬಾಯಿಂದ ಬಂದದ್ದು ಬೇರೆ. "ಈಸ್ಟರಿಗೆ ಬಂದಾಗ ಚಾವಾ ಕೂತಿದ್ದನಲ್ಲ ಅದರ ಮುಂದೆ. ಬೆಳಗ್ಗೆಯೆಲ್ಲ."

ಕೂತಿದ್ದ ಎಂದಷ್ಟೇ ಹೇಳಿದ್ದು, ನೋಡಿದ ಎಂದಿಲ್ಲವಲ್ಲ, ಎಂದು ತಮಗೆ ತಾವೇ ಹೇಳಿಕೊಂಡರಂತೆ.

ನ್ಯಾಗೊಂಡ್ವೆ ಅಲ್ಲೇ ಮೊಬೈಲ್ ತೆಗೆದರು. "ಏನೋ ಚಾವಾ, ನಿನ್ನ ಹೆಂಡ್ತಿ ಸಾಲದೇನೋ ನಿಂಗೆ?"

"ಏನಮ್ಮ ಮಾತು ಇದು?"

"ಅಪ್ಪನ ಮನೇಲಿ, ಅಪ್ಪನ ಕುರ್ಚೀಲಿ ಕೂತು ಆ ಹೊಲಸು ನೋಡ್ತೀಯಲ್ಲ. ಪೊಲೀಸ್ ಕೇಸ್ ಆಗಿದೆ ಇಲ್ಲಿ. ಹಿರಿಯರ ಮನೆ ಕಣೋ ಇದು."

"ಯಾರು ಹೇಳಿದ್ದು ನಿಂಗೆ? ಅಪ್ಪಂಗೆ ಕೊಡು ಫೋನು."

ನ್ಯಾಗೊಂಡ್ವೆ ಫೋನು ಚಾಚಿದರು. ಮೇಷ್ಟ್ರು ಕೈಯಾಡಿಸಿದರು, ಬೇಡ. ಬಚ್ಚಲ ಕಡೆ ಬೆರಳು ತೋರಿಸಿದರು. "ಸ್ನಾನಕ್ಕೆ ಹೋಗಿದ್ದಾರೆ," ಎಂದರು ಹೆಂಡತಿ. ಮೇಷ್ಟ್ರು ಕೋಟು ತೊಟ್ಟು ಅಲ್ಲೇ ನಿಂತಿದ್ದರು.

ನ್ಯಾಗೊಂಡ್ವೆಯ ಗಂಟಲು ಫೋನಿಲ್ಲದೆಯೂ ಲುವಿಂಗಾ ಮುಟ್ಟುವಂಥದ್ದು. ಆ ಹೊತ್ತಿಗೆ ತೊವೆರಾ ಗಂಡನ ಪಕ್ಕದಲ್ಲೇ ಉಸಿಪಾ ಮೀನು ಹುರಿಯುತ್ತಿದ್ದಳು. ಎಲ್ಲ ಕೇಳಿಸಿತು. ಚಾವಾ ಆಣೆ ಮಾಡಿದ. ನಿಮ್ಮಮ್ಮ ಸುಮ್ಮಸುಮ್ಮನೆ ಯಾಕೆ ಹೇಳ್ತಾರೆ ಎಂದಳು ತೊವೆರಾ. ಮಾತಿಗೆ ಮಾತು ಬೆಳೆದು, ಅವನು ಊಟವನ್ನು ಮಾರ್ಕೆಟ್ಟಿನಲ್ಲಿ ಮಾಡತೊಡಗಿದ, ಅವಳು ಮಗುವಿನ ಜೊತೆ ಬೇರೆ ಕೋಣೆಯಲ್ಲಿ ಮಲಗತೊಡಗಿದಳು.

ಭಾನುವಾರ ತೊವೆರಾ ಚರ್ಚಿಗೆ ಒಬ್ಬಳೇ ಬಂದಳು. ಬಾಗಿಲ ಬಳಿ ಅತ್ತೆ ಮಾವನಿಗೆ ಮೊಣಕಾಲೂರಿ ನಮಸ್ಕಾರ ಮಾಡಿದಳು. ಸೊಸೆ ಮಾವನ ಮುಖ ನೋಡುವ ರೂಢಿ ನಮ್ಮಲ್ಲಿಲ್ಲ, ಮಾವನೂ ನೋಡುವುದಿಲ್ಲ. ಆದರೂ ಅವಳ ಕಣ್ಣು ಊದಿದ್ದು ಮೇಷ್ಟ್ರಿಗೆ ಕಂಡಿತು. ಮುಂದಿನ ಸಾಲಿನಲ್ಲಿ ಹೋಗಿ ಕೂತರು. ಪ್ರಾರ್ಥನೆಗೆ ಎದ್ದು ನಿಲ್ಲಬೇಕಾದಾಗ ಅವರೊಬ್ಬರೇ ಕೂತಿದ್ದರು.

ಆ ವಾರದ ಪಾಠ ನನಗೆ ಚೆನ್ನಾಗಿ ನೆನಪಿದೆ. ಗಂಡ ಹೆಂಡತಿಯ ನಂಬಿಕೆ ಎಂಬ ವಿಷಯ. ಮೇಷ್ಟ್ರು ಎರಡು ಮಾತು ಹೇಳಿ ನಿಲ್ಲಿಸಿದರು. ಕಿಟಕಿಯಾಚೆ ನೋಡಿದರು. "ಇವತ್ತು ಮನೆಗೆ ಹೋಗಿ," ಎಂದರು. ಮುದುಕರಿಗೆ ಮೈ ಹುಷಾರಿಲ್ಲ ಎಂದುಕೊಂಡು ನಾವು ಖುಷಿಯಲ್ಲೇ ಹೊರಟೆವು.

ಅವರು ಮನೆ ಮುಟ್ಟಿದಾಗ ತೊವೆರಾ ಬಂದಿದ್ದಳು. ಅಡಿಗೆಮನೆಯ ಬಾಗಿಲಲ್ಲಿ ಅತ್ತೆಯ ಎದುರು ಕೂತಿದ್ದಳು, ಕೈಯಲ್ಲಿ ಪೆನ್‌ಡ್ರೈವ್.

"ಅತ್ತೆ, ಆ ಕೇಸು ಏನಂತ ನಾನೇ ನೋಡ್ಬೇಕು. ನಿಜ ಆಗಿದ್ರೆ ನಾನು ತವರಿಗೆ ಹೋಗ್ತೀನಿ. ಸುಳ್ಳಾಗಿದ್ರೆ ನೀವೇ ನಿಮ್ಮ ಮಗನ ಹತ್ರ ಮಾತಾಡಿ."

ಸೊಸೆ ಮುಂದಿನ ಕೋಣೆಗೆ ಬಂದರೆ ಮಾವ ಅಲ್ಲಿರಬಾರದು. ಮೇಷ್ಟ್ರು ಕುರ್ಚಿ ಎತ್ತಿಕೊಂಡು ಜಗಲಿಗೆ ಹೋದರು. ಕುರ್ಚಿ ಹಾಕಿದ್ದು ಕಿಟಕಿಯ ಕೆಳಗೆ.

ಒಳಗೆ ಕಂಪ್ಯೂಟರ್ ಶುರುವಾದ ಸದ್ದು. ಆಮೇಲೆ ತೊವೆರಾ ನಕ್ಕಳು. ಎಷ್ಟೋ ದಿನದಿಂದ ತಡೆದಿಟ್ಟದ್ದು ಹೊರಬಂದ ಹಾಗೆ ನಕ್ಕಳು.

"ಅತ್ತೆ, ಇಲ್ಲಿ ನೋಡಿ, ಈಗ ನಾನೂ ಅಪರಾಧಿ."

"ಅಯ್ಯೋ, ನಿನ್ನದೂ ಬಂತಾ? ಮೊನ್ನೆ ನನ್ನದು ಬಂದಿತ್ತು."

"ಇಲ್ಲಿ ಮೇಲೆ ಕ್ಯಾಮೆರಾ ಇದೆ. ಮುಂದೆ ಯಾರು ಕೂತ್ರೆ ಅವರ ಮುಖ ತೋರಿಸ್ತದೆ ಅಷ್ಟೆ. ಆ ಟೀ ಪಾಟು ಕೊಡಿ." ಒಂದು ಕ್ಷಣ ಬಿಟ್ಟು, "ನೋಡಿ, ನಿಮ್ಮ ಟೀ ಪಾಟು ಕೂಡ ಹೊಲಸು ಚಿತ್ರ ನೋಡಿದೆಯಂತೆ. ಹಿಡಿದು ಜೈಲಿಗೆ ಹಾಕ್ತಾರಂತೆ."

ನ್ಯಾಗೊಂಡ್ವೆಯೂ ನಕ್ಕರು. ಜಗಲಿಯಲ್ಲಿದ್ದ ಮೇಷ್ಟ್ರು ನಗಲಿಲ್ಲ. ಇಷ್ಟು ದಿನ ತಾವು ನಡುಗಿದ್ದು, ಸುಳ್ಳು ಹೇಳಿದ್ದು, ಮಗನನ್ನು ಮುಂದೆ ತಳ್ಳಿದ್ದು, ಎಲ್ಲ ಒಂದು ಟೀ ಪಾಟಿನ ಮುಂದೆ ಬಂದು ನಿಂತಿತು.

"ಹಾಗಾದ್ರೆ ಪೊಲೀಸರಲ್ವಾ?"

"ಯಾವ ಪೊಲೀಸರು ಕಾರ್ಡಿನ ನಂಬರಲ್ಲಿ ದಂಡ ತಗೋತಾರೆ ಅತ್ತೆ? ಠಾಣೆ ಎಲ್ಲಿ ಅಂತ ಬರೆದಿದೆಯಾ? ಅಧಿಕಾರಿ ಹೆಸರಿದೆಯಾ? ಈ ಗಡಿಯಾರ ನೋಡಿ, ಆಫ್ ಮಾಡಿ ಹಾಕಿದ್ರೆ ಮೊದಲಿಂದ ಶುರು. ಇದಕ್ಕೆ ರ‍್ಯಾನ್ಸಮ್‌ವೇರ್ ಅಂತಾರೆ. ಯಂತ್ರ ಹಿಡಿದಿಟ್ಟು ಹಣ ಕೇಳೋ ಕಳ್ಳರ ಕೆಲಸ. ಇದರಲ್ಲಿ ಎರಡು ಜಾತಿ. ಒಂದು ಬರೀ ಬಾಗಿಲಿಗೆ ಬೀಗ ಹಾಕ್ತದೆ, ಒಳಗಿನ ಸಾಮಾನು ಹಾಗೇ ಇರ್ತದೆ. ಇನ್ನೊಂದು ಒಳಗಿರೋ ಒಂದೊಂದನ್ನೂ ಕಲಸಿ, ಓದೋಕೆ ಆಗದ ಹಾಗೆ ಮಾಡಿಬಿಡ್ತದೆ. ಅದು ಬಂದಿದ್ರೆ ಮಾವನವರ ಪಾಠ ಎಲ್ಲ ಹೋಗ್ತಿತ್ತು. ಇದು ಮೊದಲನೇದು ಅನ್ಸುತ್ತೆ. ನೋಡೋಣ."

ಕಂಪ್ಯೂಟರಿಗೆ ಚುಚ್ಚಿದ್ದ ಇಂಟರ್‌ನೆಟ್ಟಿನ ಕಡ್ಡಿ ಕಿತ್ತಿಟ್ಟಳು. ಕಂಪ್ಯೂಟರನ್ನು ಆಫ್ ಮಾಡಿ, ಬೇಕಾದಷ್ಟೇ ಏಳುವ ಹಾಗೆ, ಒಂದು ಗುಂಡಿಯನ್ನು ಒತ್ತೊತ್ತಿ ಎಬ್ಬಿಸಿದಳು. ಈ ಸಲ ನೀಲಿ ಪರದೆ ಬರಲಿಲ್ಲ. ಕಂಪ್ಯೂಟರ್ ಏಳುವಾಗ ತಾವೂ ಜೊತೆಗೆ ಎದ್ದು ಬರುವ ಪ್ರೋಗ್ರಾಮುಗಳಲ್ಲಿ ಒಂದು ಅಪರಿಚಿತ ಪ್ಲೇಯರ್ ಕಂಡಿತು. ಅದನ್ನು ನಿಲ್ಲಿಸಿ, ಅದು ಅಡಗಿದ್ದ ಜಾಗ ಹುಡುಕಿ ಅಳಿಸಿದಳು. ಪೆನ್‌ಡ್ರೈವಿನಿಂದ ವೈರಸ್ ಹುಡುಕುವ ಪ್ರೋಗ್ರಾಮು ಹಾಕಿ ಇಡೀ ಯಂತ್ರವನ್ನು ಜಾಲಾಡಲು ಬಿಟ್ಟಳು. ಅದು ಕೆಲಸ ಮಾಡುತ್ತಿರುವಾಗ ಅತ್ತೆ ಸೊಸೆ ಇಬ್ಬರೂ ಶೇಂಗಾ ಸುಲಿದರು. ಇನ್ನೂ ಎರಡು ಕಡೆ ಅದರ ಮರಿಗಳು ಸಿಕ್ಕವು, ಅವೂ ಹೋದವು. ಪಾಠಗಳನ್ನು ಒಂದೊಂದಾಗಿ ತೆರೆದು ನೋಡಿದಳು, ಎಲ್ಲ ಇದ್ದವು. ಅವನ್ನು ಪೆನ್‌ಡ್ರೈವಿಗೆ ನಕಲು ಮಾಡಿಟ್ಟಳು.

"ಇನ್ನು ಸರಿಯಾಗಿ ಹಾಕಿ ನೋಡ್ತೀನಿ," ಎಂದು ಮತ್ತೆ ಎಬ್ಬಿಸಿ, ಇಂಟರ್‌ನೆಟ್ಟಿಗೂ ಸೇರಿಸಿದಳು. ಹಿಂದೆ ಅರ್ಧಕ್ಕೆ ನಿಂತ ಪುಟವನ್ನು ಮತ್ತೆ ತೆರೆಯಲೇ ಎಂದು ಕಂಪ್ಯೂಟರ್ ಕೇಳಿತು. ಕಳ್ಳ ಎಲ್ಲಿಂದ ಒಳಗೆ ಬಂದ ಎಂದು ನೋಡುವ ಆಸೆಗೆ ಹೂಂ ಎಂದಳು.

ಕೋಣೆ ತುಂಬ ಗಿಟಾರು ಮೊಳಗಿತು.

ತೊವೆರಾ ತಕ್ಷಣ ಸದ್ದು ಅಡಗಿಸಿದಳು. ಆದರೆ ಹಾಡಿನ ಮೊದಲ ಸಾಲು ಬಂದಾಗಿತ್ತು. ದಿನಾ ಬೆಳಗ್ಗೆ ಕನ್ನಡಿಯ ಮುಂದೆ ಸೋಪಿನ ನೊರೆಯ ಹಿಂದಿನಿಂದ ಬರುತ್ತಿದ್ದ ಸಾಲು ಅದು. ನ್ಯಾಗೊಂಡ್ವೆಯ ಕೈಯಲ್ಲಿದ್ದ ಮೊರದಿಂದ ಶೇಂಗಾ ಚೆಲ್ಲಿತು. ಈಸ್ಟರಿಗೆ ಬಂದಾಗ ಮಾವ ಗಡ್ಡ ಹೆರೆಯುತ್ತಾ ಗುನುಗಿದ್ದನ್ನು ತೊವೆರಾ ಕೂಡ ಅಡಿಗೆಮನೆಯಿಂದ ಕೇಳಿದ್ದಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ತೊವೆರಾ ಪುಟ ಮುಚ್ಚಿದಳು. ತಣ್ಣಗಿನ ದನಿಯಲ್ಲಿ, "ಚಾವಾಗೆ ಇಂಥ ಹಾಡು ಇಷ್ಟ ಅತ್ತೆ. ಅವರೇ ಕೇಳಿರ್ಬೇಕು. ಬರೀ ಕುಣಿತ, ಬೇರೇನಿಲ್ಲ. ಇಷ್ಟಕ್ಕೆ ನಾನೂ ಸುಮ್ಮನೆ ಜಗಳ ಮಾಡ್ದೆ. ಮನೆಗೆ ಹೋಗಿ ಮಾತಾಡ್ತೀನಿ," ಎಂದಳು.

ಕಿಟಕಿಯ ಕೆಳಗೆ ಮೇಷ್ಟ್ರಿಗೆ ಪ್ರತಿ ಮಾತೂ ಕೇಳಿಸಿತು. ತಾವು ಮಗನ ತಲೆಗೆ ಕಟ್ಟಿದ್ದನ್ನು ಸೊಸೆ ಈಗ ಗೊತ್ತಿದ್ದೂ ಮತ್ತೆ ಮಗನ ತಲೆಗೇ ಕಟ್ಟುತ್ತಿದ್ದಳು, ಮಾವನ ಮಾನ ಉಳಿಯಲಿ ಎಂದು. ಸುಮ್ಮನೆ ಕೂತಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಯಾರೂ ಯಾವತ್ತೂ ಕೇಳುತ್ತಿರಲಿಲ್ಲ. "ಒಂದು ಕ್ಷಣ ಹಾಗೇ ಕೂರೋಣ ಅಂತಲೂ ಅನ್ನಿಸ್ತು," ಎಂದು ನಮ್ಮೆದುರು ಒಪ್ಪಿಕೊಂಡರು.

ಎದ್ದು ಒಳಗೆ ಹೋದರು. ಸೊಸೆ ಇರುವ ಕೋಣೆಗೆ ಮಾವ ಹೀಗೆ ಬರುವುದನ್ನು ಕಂಡು ತೊವೆರಾ ಕುರ್ಚಿಯಿಂದ ಜಾರಿ ಮೊಣಕಾಲೂರಿ ನೆಲ ನೋಡಿದಳು. ಮೇಷ್ಟ್ರು ಗೋಡೆಯ ಕ್ಯಾಲೆಂಡರಿನ ಕಡೆ ಮುಖ ಮಾಡಿ ನಿಂತರು.

"ಚಾವಾ ಅಲ್ಲ. ನಾನು."

ನ್ಯಾಗೊಂಡ್ವೆ ಮೊರವನ್ನು ಪಕ್ಕಕ್ಕಿಟ್ಟರು.

"ಅವನು ಈಸ್ಟರಲ್ಲಿ ಫುಟ್‌ಬಾಲ್ ಸ್ಕೋರು ನೋಡಿದ್ದ ಅಷ್ಟೆ. ಗುರುವಾರ ಗುರುವಾರ ಪರದೆ ಎಳ್ಕೊಂಡು ಕೂತಿದ್ದು ನಾನು. ಆ ಪ್ಲೇಯರ್ ಒತ್ತಿದ್ದೂ ನಾನು. ನ್ಯಾಗೊಂಡ್ವೆ, ಅವತ್ತು ನಾನು ಸ್ನಾನಕ್ಕೆ ಹೋಗಿರಲಿಲ್ಲ ಅಂತ ನಿಂಗೊತ್ತು."

ತೊವೆರಾ ನೆಲ ನೋಡುತ್ತಲೇ, "ಮಾವಾ, ಬರೀ ಹಾಡಲ್ವಾ," ಎಂದಳು.

"ಹಾಡಿನ ಮಾತಲ್ಲ ತಾಯೀ. ನನ್ನ ನಾಚಿಕೆ ಮುಚ್ಚೋಕೆ ನಿನ್ನ ಗಂಡನನ್ನ ಹೊದ್ಕೊಂಡೆ. ನಿನ್ನ ಕಣ್ಣು ಊದಿದ್ದು ಚರ್ಚಲ್ಲಿ ನೋಡ್ದೆ. ನೋಡಿಯೂ ಹೋಗಿ ಮುಂದಿನ ಸಾಲಲ್ಲಿ ಕೂತೆ."

ತೊವೆರಾ ಕೇಳಿದ್ದು ಬೇರೆ. "ಹಣ ಏನಾದ್ರೂ ಕಳಿಸಿದ್ರಾ ಮಾವಾ?"

ಮೇಷ್ಟ್ರು ಹೌದೆಂದು ತಲೆಯಾಡಿಸಿದರು.

"ಅದು ಹೋಯ್ತು, ವಾಪಸ್ ಬರಲ್ಲ. ಕೊಟ್ಟವರ ಹತ್ರ ಮತ್ತೆ ಕೇಳ್ತಾರೆ, ಬಿಡಿಸೋದೂ ಇಲ್ಲ. ಇನ್ನು ಏನು ಬಂದ್ರೂ ದಯವಿಟ್ಟು ಮೊದಲು ನಮಗೆ ಹೇಳಿ. ಮೇಲ್ ಪಾಸ್‌ವರ್ಡ್ ಬದಲಾಯಿಸ್ಬೇಕು, ಈಗಲೇ ಮಾಡೋಣ." ದನಿಯಲ್ಲಿ ಸಿಟ್ಟಿರಲಿಲ್ಲ. ಕಾಲೇಜಿನಲ್ಲಿ ಯಾರ ಯಂತ್ರ ಕೆಟ್ಟರೂ ಅವಳು ಮಾತಾಡುವ ರೀತಿಯೇ ಅದು. ಅದನ್ನೇ ಮೇಷ್ಟ್ರಿಗೆ ತಡೆಯಲಾಗಲಿಲ್ಲ. ಮತ್ತೆ ಜಗಲಿಗೆ ಹೋಗಿ ಗೋಡೆಗೆ ಮುಖ ಮಾಡಿ ಕೂತರು.

ಮರುದಿನ ಚರ್ಚು ಮುಗಿದ ಮೇಲೆ ಲುವಿಂಗಾಕ್ಕೆ ನಡೆದುಕೊಂಡೇ ಹೋದರು. ಚಾವಾ ಅಂಗಳದಲ್ಲಿ ಮಗುವನ್ನು ಆಡಿಸುತ್ತಿದ್ದ. ಹೆಂಡತಿ ಎಲ್ಲ ಹೇಳಿದ್ದಳು. ಅಪ್ಪನಿಗೆ ಸ್ಟೂಲು ಕೊಟ್ಟ. ಅಪ್ಪ ಹೇಳುವುದನ್ನು ಪೂರ್ತಿ ಕೇಳಿದ.

"ಹೆದರಿದ್ದು ಅರ್ಥ ಆಗ್ತದೆ ಅಪ್ಪಾ," ಎಂದ. "ಒಂದು ಕೇಳ್ತೀನಿ. ಅಮ್ಮ ಫೋನ್ ಮಾಡಿದಾಗ ನೀವು ಅಲ್ಲೇ ಇದ್ರಿ ಅಲ್ವಾ?"

"ಇದ್ದೆ."

"ನಾನು ನಿಮಗೆ ಫೋನ್ ಕೊಡು ಅಂದಿದ್ದು ಕೇಳಿಸ್ತು ಅಲ್ವಾ?"

"ಕೇಳಿಸ್ತು."

ಚಾವಾ ಮಗುವನ್ನು ಎತ್ತಿಕೊಂಡ. ತೊವೆರಾ ಬಾಗಿಲ ಬಳಿ ಟೀ ಇಟ್ಟು ಒಳಗೆ ಹೋದಳು. ಮೇಷ್ಟ್ರು ಕುಡಿದು ಎದ್ದರು. ಮನೆಗೆ ಬಂದವರನ್ನು ಅರ್ಧ ದಾರಿಯವರೆಗಾದರೂ ಕಳಿಸಿಬರುವುದು ನಮ್ಮ ಕಡೆಯ ರೀತಿ. ಚಾವಾ ಗೇಟಿನವರೆಗೂ ಬರಲಿಲ್ಲ.

ಮುಂದಿನ ಶನಿವಾರ ಮೇಷ್ಟ್ರು ನಮಗೆ ಇದನ್ನೆಲ್ಲ ಹೇಳಿದರು. ಕೋಟು ಬಿಚ್ಚಿ ಕುರ್ಚಿಯ ಬೆನ್ನಿಗೆ ಹಾಕಿ, ಕೈ ಎಲ್ಲಿಡಬೇಕೆಂದು ತಿಳಿಯದವರ ಹಾಗೆ ನಿಂತುಕೊಂಡು ಹೇಳಿದರು. ನಮಗೆ ನಗಬೇಕೋ ಬೇಡವೋ ತಿಳಿಯಲಿಲ್ಲ. ಟೀ ಪಾಟಿನ ಮಾತು ಬಂದಾಗ ಒಬ್ಬ ಕಿಸಕ್ಕೆಂದ. ಮೇಷ್ಟ್ರು ಅವನನ್ನು ಗದರಿಸಲಿಲ್ಲ. ಕೊನೆಗೆ ತಿಯಾಮಿಕೆ ಧೈರ್ಯ ಮಾಡಿ ಕೇಳಿದ. "ನಿಮ್ಮ ಮನೆಯವರು ಏನಂದ್ರು ಮೇಷ್ಟ್ರೇ?"

"ಏನೂ ಅನ್ನಲಿಲ್ಲ. ಒಂದು ವಾರ ಪಲ್ಯಕ್ಕೆ ಉಪ್ಪು ಹಾಕಲಿಲ್ಲ. ನಾನು ಕೇಳಲೂ ಇಲ್ಲ."

ಪಾಠ ಮಾಡುವುದನ್ನು ಬಿಡುತ್ತೇನೆಂದು ಚರ್ಚಿನ ಹಿರಿಯರ ಸಭೆಯಲ್ಲೂ ಕಾರಣ ಸಮೇತ ಹೇಳಿದರು. ಇಬ್ಬರು ನಕ್ಕರು. ಒಬ್ಬರು, ಇಷ್ಟಕ್ಕೆಲ್ಲ ಯಾಕೆ, ಯಾರಿಗೂ ಗೊತ್ತಾಗ್ತಿರಲಿಲ್ಲ ಎಂದರಂತೆ. ಪಾಠ ಬೇರೆಯವರಿಗೆ ಹೋಯಿತು. ಗಾಯಕರ ತಂಡದ ಆ ಹುಡುಗಿಯ ಮನೆಗೂ ಹೋಗಿದ್ದರು. ಅವಳು ಒಳಗಿನಿಂದಲೇ, ತಲೆ ತೊಳೀತಿದ್ದಾಳೆ ಎಂದು ತಾಯಿಯ ಬಾಯಲ್ಲಿ ಹೇಳಿಸಿದಳು. ಅದನ್ನೂ ಮೇಷ್ಟ್ರೇ ಹೇಳಿದ್ದು.

ಕ್ರಿಸ್‌ಮಸ್ಸಿಗೆ ಚಾವಾ ಹೆಂಡತಿ ಮಗುವಿನೊಡನೆ ಬಂದ. ಅಪ್ಪನ ಜೊತೆ ಕೂತು ನ್ಸಿಮಾ ಮುದ್ದೆ ಉಂಡ. ಜೋಳದ ಬೆಳೆ ಹೇಗಿದೆ, ಗೊಬ್ಬರ ಸಿಕ್ಕಿತೇ ಎಂದು ಮಾತಾಡಿದ. ಬೇರೆ ಮಾತಿಲ್ಲ. ಮಧ್ಯಾಹ್ನ ತೊವೆರಾ ಅತ್ತೆಯ ಕೈಯಲ್ಲಿ ಒಂದು ಸಣ್ಣ ರೇಡಿಯೋ ಮಾವನಿಗೆ ಕಳಿಸಿದಳು. ಮೇಷ್ಟ್ರು ಅದನ್ನು ಜಗಲಿಯ ಮೇಲೆ ಇಟ್ಟುಕೊಂಡಿದ್ದಾರೆ. ಸುದ್ದಿಗೆ ಮಾತ್ರ ಹಾಕುತ್ತಾರೆ ಎಂದು ನ್ಯಾಗೊಂಡ್ವೆ ಹೇಳುತ್ತಾರೆ.